ತುಕ್ಕು ಹಿಡಿದ ನಟ್ಟಿಗೆ ಎಣ್ಣೆ ಬಿಡುವ ಮೊದಲು

ಕೊಡಗಿನ ತೋಟದ ಮನೆಗಳಲ್ಲಿ ತುಕ್ಕು ಹಿಡಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರ ಕಾಟ ಗೊತ್ತಾಗುವುದು ಮಾತ್ರ ಫೆಬ್ರವರಿಯಲ್ಲಿ. ಕುಯ್ಲು ಮುಗಿದು, ರೊಬಸ್ಟಾ ಕಾಫಿಯ ಹೂವಿಗೆ ಸ್ಪ್ರಿಂಕ್ಲರ್ ಹಿಡಿಸಬೇಕು ಅನ್ನುವಾಗ ಕೆರೆ ದಂಡೆಯ ಪಂಪ್‌ಸೆಟ್ಟಿನ ಫ್ಲೇಂಜ್ (ಪೈಪು ಕೂಡಿಸುವ ಅಗಲ ಅಂಚು) ಬೋಲ್ಟು ಒಂದೂ ಅಲುಗುವುದಿಲ್ಲ. ಹೂವಿಗೆ ನೀರು ಕೊಡುವ ಹೊತ್ತು ಯಾರಿಗೂ ಕಾಯುವುದಿಲ್ಲ, ಹಾಗಾಗಿ ಅವಸರ. ಸ್ಪ್ಯಾನರಿಗೆ ಉದ್ದದ ಪೈಪ್ ತೂರಿಸಿ ಇಬ್ಬರು ನೇತಾಡುತ್ತಾರೆ, ಬೋಲ್ಟು ಫಟ್ ಅಂತ ತುಂಡಾಗುತ್ತದೆ. ಅಲ್ಲಿಗೆ ಅರ್ಧ ದಿನದ ಕೆಲಸ ವಾರದ ಕೆಲಸವಾಯಿತು. ಇಷ್ಟು ವರ್ಷ ಪಂಪು, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ), ಜೀಪು, ಗೇಟು ಎಲ್ಲವನ್ನೂ ಬಿಚ್ಚಿ ಕೂಡಿಸಿದ ಮೇಲೆ ನಾನು ಹೇಳುವುದು ಇಷ್ಟೇ: ನಟ್ಟನ್ನು ಬಿಚ್ಚುವುದು ತೋಳಿನ ಬಲವಲ್ಲ, ಒಳಗೆ ಇಳಿದ ಎಣ್ಣೆ. ಆ ಎಣ್ಣೆ ಇಳಿಯಬೇಕಾದರೆ ಮೊದಲು ಅಲ್ಲಿರುವ ನೀರು ಹೊರಗೆ ಬರಬೇಕು.

ನಮ್ಮ ಕಡೆಯವರು ಮರೆಯುವುದು ಈ ಎರಡನೇ ಮಾತನ್ನು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ನಟ್ಟಿಗೂ ಬೋಲ್ಟಿಗೂ ನಡುವೆ ಇರುವ ಕೂದಲೆಳೆಯ ಸಂದಿಯಲ್ಲಿ ಅದು ಊದಿಕೊಂಡು ಗಟ್ಟಿಯಾಗಿ ಕೂತುಬಿಡುತ್ತದೆ. ತುಕ್ಕು ಅಂದರೆ ಸಣ್ಣ ಸಣ್ಣ ತೂತಿರುವ ಪುಡಿ, ಅದು ನೀರು ಕುಡಿದು ಇಟ್ಟುಕೊಳ್ಳುತ್ತದೆ. ಭಾಗಮಂಡಲ, ನಾಪೋಕ್ಲು ಕಡೆಯ ತೋಟಗಳಲ್ಲಂತೂ ನೆರಳಲ್ಲಿ ಬಿದ್ದ ಕಬ್ಬಿಣ ಡಿಸೆಂಬರ್ ತನಕವೂ ಒಳಗೊಳಗೆ ಒದ್ದೆಯಾಗಿಯೇ ಇರುತ್ತದೆ. ಅದರ ಮೇಲೆ ಎಣ್ಣೆ ಸುರಿದರೆ ಅದು ನೀರಿನ ಮೇಲೆ ತೇಲಿಕೊಂಡು ನಿಲ್ಲುತ್ತದೆಯೇ ಹೊರತು ಕೆಳಗೆ ಹೋಗುವುದಿಲ್ಲ. ‘ರಾತ್ರಿಯೆಲ್ಲ ಎಣ್ಣೆ ಹಾಕಿ ಬಿಟ್ಟಿದ್ದೆ, ಏನೂ ಆಗಲಿಲ್ಲ’ ಅನ್ನುವವರ ಕಷ್ಟ ಬಹಳ ಸಲ ಇದೇ.

ಆದ್ದರಿಂದ ಮೊದಲು ತಂತಿ ಬ್ರಷ್ ಹಿಡಿದು ನಟ್ಟಿನ ಸುತ್ತ, ಬೋಲ್ಟಿನ ಹೊರಗೆ ಚಾಚಿದ ತ್ರೆಡ್ಡಿನ (ಸುರುಳಿ ಗೆರೆಗಳ) ಮೇಲೆ ಕೂತ ಕೆಂಪು ಪುಡಿ, ಮಣ್ಣು, ಹಳೇ ಬಣ್ಣ ಎಲ್ಲ ಉಜ್ಜಿ ತೆಗೆಯಿರಿ. ಬಣ್ಣ ಇದ್ದರೆ ನಟ್ಟಿನ ಬುಡದ ಗೆರೆಯಲ್ಲಿ ಹಳೇ ಬ್ಲೇಡು ಆಡಿಸಿ. ಎಣ್ಣೆ ಇಳಿಯುವ ದಾರಿ ಅದೇ ಗೆರೆ. ಆಮೇಲೆ ಒಣಗಿಸಿ. ಬಿಚ್ಚಿ ತರಬಹುದಾದ ಸಾಮಾನಾದರೆ ಬಚ್ಚಲ ಹಂಡೆಯ ಒಲೆ ಪಕ್ಕ ಬೆಚ್ಚಗಿನ ಜಾಗದಲ್ಲಿ ಒಂದು ಸಂಜೆ ಇಟ್ಟರೆ ಸಾಕು. ಎಣ್ಣೆ ಮುಟ್ಟಿಸುವ ಮೊದಲು ಮಾತ್ರ ಒಲೆ ಪಕ್ಕ, ಮುಟ್ಟಿಸಿದ ಮೇಲೆ ಬೆಂಕಿಯ ಹತ್ತಿರವೂ ತರಬೇಡಿ. ಜಾಗದಲ್ಲೇ ಇರುವ ಸಾಮಾನಾದರೆ ನಾಲ್ಕು ದಿನ ಬಿಸಿಲು ಬೀಳುವ ಹಾಗೆ ಮೇಲಿನ ಸೊಪ್ಪು ಸದೆ ಸರಿಸಿ, ಕರೆಂಟು ಇದ್ದಲ್ಲಿ ತಲೆಕೂದಲು ಒಣಗಿಸುವ ಡ್ರೈಯರ್ ಹಿಡಿಯಿರಿ. ಕಬ್ಬಿಣ ಕೈಗೆ ಬೆಚ್ಚಗೆ ಹತ್ತಿದರೆ ಸಾಕು. ಬೆಚ್ಚಗಿರುವಾಗ ಬಿಟ್ಟ ಎಣ್ಣೆ ತೆಳುವಾಗಿ ಬೇಗ ಓಡುತ್ತದೆ.

ಯಾವ ಎಣ್ಣೆ? ತೆಳುವಾಗಿ, ಕಬ್ಬಿಣಕ್ಕೆ ಅಂಟಿಕೊಂಡು ಹರಡುವಂಥದ್ದು. ದೀಪದ ಬತ್ತಿಯಲ್ಲಿ ಎಣ್ಣೆ ತಾನಾಗಿ ಮೇಲೇರುವ ಹಾಗೆ ಅದು ಸಂದಿಯಲ್ಲಿ ತಾನಾಗಿ ನುಗ್ಗಬೇಕು. ದಪ್ಪ ಎಂಜಿನ್ ಆಯಿಲ್ ಒಂದನ್ನೇ ಹಾಕಿದರೆ ನುಗ್ಗುವುದಿಲ್ಲ. ಕೈಗೆ ಸಿಕ್ಕಿತು ಅಂತ ತೆಂಗಿನೆಣ್ಣೆ ಬಿಡುವವರಿದ್ದಾರೆ, ಅದು ಬೇಡವೇ ಬೇಡ. ಸುಮಾರು 24 ಡಿಗ್ರಿಯ ಕೆಳಗೆ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯ ಚಳಿಗಾಲದ ರಾತ್ರಿಯಲ್ಲಿ ಅದು ನಟ್ಟಿನ ಮೇಲೆ ಬೆಳ್ಳಗೆ ಗಡ್ಡೆಯಾಗಿ ಕೂರುತ್ತದೆ. ಅಡುಗೆಯ ಬೇರೆ ಎಣ್ಣೆಗಳು ದಿನ ಕಳೆದಂತೆ ಜಿಗುಟಾಗಿ ಇನ್ನಷ್ಟು ಹಿಡಿಸುತ್ತವೆ.

ಅಂಗಡಿಯಲ್ಲಿ ಎಲ್ಲರೂ ಕೇಳಿ ತರುವುದು ಡಬ್ಲ್ಯೂಡಿ-40. ಅದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ತಯಾರಾದದ್ದು, ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ನೀರು ತಾಗಿ ತುಕ್ಕು ಹಿಡಿಯದಿರಲಿ ಅಂತ ಮೊದಲು ಬಳಸಿದರು. ನೀರನ್ನು ಹೊರಗೆ ತಳ್ಳುವುದರಲ್ಲಿ ಅದು ಗಟ್ಟಿ, ಹಾಗಾಗಿ ನಮ್ಮ ಹವೆಗೆ ಮೊದಲ ಸುತ್ತಿಗೆ ಒಳ್ಳೆಯದು. ಹಲವು ವರ್ಷದಿಂದ ಕೂತ ನಟ್ಟಿಗೆ ಅದೊಂದೇ ಸಾಲದು. ತುಕ್ಕು ಬಿಡಿಸಲಿಕ್ಕೆಂದೇ ಮಾಡಿದ ಪೆನಿಟ್ರೇಟಿಂಗ್ ಆಯಿಲ್ ಬೇರೆ ಸಿಗುತ್ತದೆ, ಡಬ್ಬದ ಮೇಲೆ ಓದಿ ತನ್ನಿ. ಮೆಕ್ಯಾನಿಕ್‌ಗಳು ಮೆಚ್ಚುವ ಮಿಶ್ರಣ ಇನ್ನೊಂದಿದೆ: ಆಟೋಮ್ಯಾಟಿಕ್ ಗೇರಿನ ಟ್ರಾನ್ಸ್‌ಮಿಷನ್ ಫ್ಲೂಯಿಡ್ ಒಂದು ಪಾಲು, ಅಸಿಟೋನ್ ಒಂದು ಪಾಲು. ಎರಡೂ ಬೇಗ ಬೇರೆಯಾಗುತ್ತವೆ, ಪ್ರತಿ ಸಲ ಕುಲುಕಿ ಬಿಡಬೇಕು. ಅಸಿಟೋನ್ ಹಾರಿಹೋಗುವಾಗ ಎಣ್ಣೆಯನ್ನು ಒಳಗೆ ಬಿಟ್ಟು ಹೋಗುತ್ತದೆ. ಆದರೆ ಅದು ಬಣ್ಣ ಕಿತ್ತು ತೆಗೆಯುತ್ತದೆ, ಹಲವು ಪ್ಲಾಸ್ಟಿಕ್‌ಗಳನ್ನು ಕರಗಿಸುತ್ತದೆ, ಸಣ್ಣ ಕಿಡಿಗೂ ಹೊತ್ತಿಕೊಳ್ಳುತ್ತದೆ. ಲೋಹದ ಡಬ್ಬದಲ್ಲಿ ಬಿಗಿಯಾಗಿ ಮುಚ್ಚಿ, ಹೆಸರು ಬರೆದು, ಮಕ್ಕಳ ಕೈಗೆ ಎಟುಕದಲ್ಲಿ ಇಡಿ. ಇದಾವುದೂ ಇಲ್ಲದಿದ್ದರೆ ಡೀಸೆಲ್ಲಿಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿಕೊಳ್ಳಿ. ನಿಧಾನ, ಆದರೆ ಕೆಲಸ ಆಗುತ್ತದೆ. ಕೆರೆ, ಬಾವಿ ಹತ್ತಿರ ಕೆಲಸ ಮಾಡುವಾಗ ಕೆಳಗೆ ಹಳೇ ಬಟ್ಟೆ ಹಾಸಿ, ಡೀಸೆಲ್ ಒಂದು ಹನಿಯೂ ಆ ನೀರಿಗೆ ಹೋಗಬಾರದು.

ಎಣ್ಣೆ ಬಿಡುವುದೂ ಸುರಿದು ಹೋಗುವ ಕೆಲಸವಲ್ಲ. ನಾಲ್ಕು ಹನಿ ಬಿಡಿ, ಸಣ್ಣ ಸುತ್ತಿಗೆಯಿಂದ ನಟ್ಟಿನ ಪಕ್ಕಗಳಿಗೆ ಟಕ್ ಟಕ್ ಅಂತ ತಟ್ಟಿ, ಎದುರು ಬದಿಗೆ ಇನ್ನೊಂದು ಭಾರದ ಕಬ್ಬಿಣ ಆನಿಸಿಕೊಂಡು. ಈ ನಡುಕಕ್ಕೆ ತುಕ್ಕು ಬಿರಿಯುತ್ತದೆ, ಬಿರಿದಲ್ಲಿ ಎಣ್ಣೆ ಇಳಿಯುತ್ತದೆ. ಜೋರಾಗಿ ಹೊಡೆಯಬೇಡಿ, ಪಂಪಿನ ಕೇಸಿಂಗು, ಫ್ಲೇಂಜು ಬೀಡು ಕಬ್ಬಿಣದವು, ಒಂದೇಟಿಗೆ ಸೀಳುತ್ತವೆ. ಸಂಜೆ ಒಮ್ಮೆ, ಮಲಗುವ ಮೊದಲು ಒಮ್ಮೆ, ಬೆಳಿಗ್ಗೆ ಒಮ್ಮೆ ಹೀಗೆ ಮಾಡಿ. ಬೋಲ್ಟು ನಿಂತ ಭಂಗಿ ನೋಡಿ ಮೇಲಿನಿಂದ ಬಿಡಿ. ಅಡ್ಡ ಮಲಗಿದ ಬೋಲ್ಟಾದರೆ ನಟ್ಟಿನ ಸುತ್ತ ಹತ್ತಿ ಬಟ್ಟೆಯ ತುಂಡು ಸುತ್ತಿ ಅದನ್ನು ಎಣ್ಣೆಯಲ್ಲಿ ನೆನೆಸಿಡಿ. ಮಾರನೇ ದಿನ ಬಿಳಿ ಬಟ್ಟೆ ಒತ್ತಿ ನೋಡಿ. ನಟ್ಟಿನ ಇನ್ನೊಂದು ಮುಖದ ಕಡೆಯಿಂದ ಕಂದು ಬಣ್ಣದ ಎಣ್ಣೆ, ಜೊತೆಗೆ ಮರಳಿನಂಥ ತುಕ್ಕಿನ ಪುಡಿ ಜಿನುಗಿದ್ದರೆ ಒಳಗೆ ದಾರಿ ಆಗಿದೆ ಅಂತ ಅರ್ಥ. ಅದು ಕಾಣುವ ತನಕ ಸ್ಪ್ಯಾನರು ಹಾಕುವ ಆಸೆ ತಡೆದುಕೊಳ್ಳಿ.

ಸ್ಪ್ಯಾನರಿನ ವಿಷಯದಲ್ಲಿ ನಾನು ಹಟವಾದಿ. ಹಿಡಿದ ನಟ್ಟಿಗೆ ಬಾಯಿ ತೆರೆದ ಸ್ಪ್ಯಾನರಾಗಲಿ, ಸ್ಕ್ರೂ ಸ್ಪ್ಯಾನರಾಗಲಿ ಮುಟ್ಟಿಸಬಾರದು. ಆರು ಮೂಲೆಯ ಸಾಕೆಟ್ ಅಥವಾ ರಿಂಗ್ ಸ್ಪ್ಯಾನರು, ಅದೂ ಸರಿಯಾದ ಅಳತೆಯದು. ಎಂ8, ಅಂದರೆ 8 ಮಿ.ಮೀ. ದಪ್ಪದ ಬೋಲ್ಟಿಗೆ 13 ಮಿ.ಮೀ. ಸ್ಪ್ಯಾನರು, ಎಂ10ಕ್ಕೆ 17, ಎಂ12ಕ್ಕೆ 19. ಹೊಸ ಅಳತೆಯವುಗಳಲ್ಲಿ ಕೊನೆಯ ಎರಡು 16 ಮತ್ತು 18 ಬರುತ್ತವೆ. ಹಳೆಯ ಜೀಪಿಗೆ ಇಂಚಿನ ಅಳತೆ. ಅರ್ಧ ಇಂಚಿನ ತಲೆ ಅಂದರೆ 12.7 ಮಿ.ಮೀ., ಅದಕ್ಕೆ 13ರ ಸ್ಪ್ಯಾನರು ಕೂತ ಹಾಗೇ ಕಾಣುತ್ತದೆ. ಆ 0.3 ಮಿ.ಮೀ. ಸಡಿಲವೇ ಮೂಲೆ ತಿಂದು ನಟ್ಟನ್ನು ಗುಂಡಗೆ ಮಾಡುವುದು.

ಹಾಕಿದ ಕೂಡಲೇ ಬಿಚ್ಚುವ ಕಡೆ ಎಳೆಯಬೇಡಿ. ಮೊದಲು ಬಿಗಿಸುವ ಕಡೆಗೆ ಒಂದು ಕೂದಲಷ್ಟು ಒತ್ತಿ. ತುಕ್ಕಿನ ಕಟ್ಟು ಅಲ್ಲಿ ಒಡೆಯುತ್ತದೆ. ಆಮೇಲೆ ನಿಮ್ಮ ಕಡೆಗೆ, ಜಗ್ಗದೆ, ಒಂದೇ ಸಮ ಎಳೆಯಿರಿ. ‘ಕಿರ್’ ಅಂತ ಸದ್ದು ಬಂದರೆ ಸಂತೋಷಪಡಿ, ಲೋಹ ಕದಲಿದ್ದಕ್ಕೆ ಆ ಸದ್ದು. ಕಾಲು ಸುತ್ತು ಬಂದರೆ ಅರ್ಧದಷ್ಟು ಹಿಂದಕ್ಕೆ ತಿರುಗಿಸಿ, ಎಣ್ಣೆ ಬಿಡಿ, ಮತ್ತೆ ಮುಂದಕ್ಕೆ. ಹಾಗೆ ಹಿಂದೆ ಮುಂದೆ ಆಡಿಸುತ್ತಾ ಬಂದರೆ ಪುಡಿ ಹೊರಗೆ ಬೀಳುತ್ತದೆ. ನೇರ ಬಿಚ್ಚುತ್ತಾ ಹೋದರೆ ಅದೇ ಪುಡಿ ಮುಂದಿನ ತ್ರೆಡ್ಡಿನಲ್ಲಿ ಜಾಮಾಗುತ್ತದೆ. ಸದ್ದಿಲ್ಲದೆ, ರಬ್ಬರಿನ ಹಾಗೆ ಮೆತ್ತಗೆ ಹಿಡಿಕೆ ಬಂದರೆ ತಕ್ಷಣ ನಿಲ್ಲಿಸಿ. ತಿರುಗುತ್ತಿರುವುದು ನಟ್ಟಲ್ಲ, ತಿರುಚಿಕೊಳ್ಳುತ್ತಿರುವ ಬೋಲ್ಟು. ಮತ್ತೆ ಎಣ್ಣೆ, ಮತ್ತೆ ಒಂದು ದಿನ.

ಎಳೆಯುವ ಮೊದಲು ಯಾವ ಕಡೆಗೆ ಅಂತಲೂ ಯೋಚಿಸಿ. ಕಳೆ ಕೊಚ್ಚುವ ಯಂತ್ರದ ಬ್ಲೇಡಿನ ನಟ್ಟು ಸಾಮಾನ್ಯವಾಗಿ ಉಲ್ಟಾ ತ್ರೆಡ್ಡು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಹಳೆಯ ವಿಲ್ಲಿಸ್ ಜೀಪಿನ ಎಡಗಡೆ ಚಕ್ರದ ನಟ್ಟುಗಳೂ ಹಾಗೆಯೇ. ಆ ನಟ್ಟು ಕೂರುವ ಸ್ಟಡ್ಡಿನ (ತಲೆಯಿಲ್ಲದ ಬೋಲ್ಟಿನ) ತುದಿಯಲ್ಲಿ ಎಲ್ ಅಕ್ಷರ ಇದೆಯೇ ಅಂತ ಉಜ್ಜಿ ನೋಡಿ. ಬ್ರೇಕಿನ ಡ್ರಮ್ಮು, ಲೈನಿಂಗ್ ಹತ್ತಿರ ಮಾತ್ರ ಸ್ಪ್ರೇ ಹೊಡೆಯಬೇಡಿ, ಎಣ್ಣೆ ತಾಗಿದ ಲೈನಿಂಗ್ ಇಟ್ಟುಕೊಂಡು ನಮ್ಮ ಘಾಟಿ ರಸ್ತೆಯಲ್ಲಿ ಇಳಿಯಬಾರದು.

ಎಣ್ಣೆಗೂ ಬಗ್ಗದಿದ್ದರೆ, ಹಾಕಿದ ಎಣ್ಣೆಯನ್ನೆಲ್ಲ ತೊಳೆದು ಒಣಗಿಸಿದ ಮೇಲೆ ಬಿಸಿ. ಉಕ್ಕಿನ ಎಂ12 ನಟ್ಟನ್ನು ಮಾತ್ರ 200 ಡಿಗ್ರಿಯಷ್ಟು ಹೆಚ್ಚು ಕಾಯಿಸಿದರೆ ಅದರ ತೂತು ಸುಮಾರು 0.03 ಮಿ.ಮೀ. ಅಗಲವಾಗುತ್ತದೆ. ಕಣ್ಣಿಗೆ ಕಾಣದಿದ್ದರೂ ಕಟ್ಟು ಒಡೆಯಲು ಅದು ಸಾಕು. ಕಾಯಿಸುವುದು ನಟ್ಟನ್ನು, ಬೋಲ್ಟನ್ನಲ್ಲ. ಬಿಸಿಯಿರುವಾಗ ಮೇಣದ ಬತ್ತಿಯ ತುದಿ ಒತ್ತಿದರೆ ಮೇಣ ಕರಗಿ ತ್ರೆಡ್ಡಿನೊಳಗೆ ಇಳಿದು ಚೆನ್ನಾಗಿ ಜಾರಿಸುತ್ತದೆ. ಆದರೆ ಎಣ್ಣೆ, ಅಸಿಟೋನ್ ಇನ್ನೂ ಇರುವ ಜಾಗಕ್ಕೆ ಗ್ಯಾಸಿನ ಉರಿಯ ಟಾರ್ಚ್ ಹಿಡಿಯುವುದು ಬೆಂಕಿಯನ್ನು ಮನೆಗೆ ಕರೆದ ಹಾಗೆ. ಡೀಸೆಲ್ ಟ್ಯಾಂಕು, ಟೈರು, ರಬ್ಬರ್ ಸೀಲು, ಬೇರಿಂಗ್ ಹತ್ತಿರವೂ ಬೆಂಕಿ ಬೇಡ. ಸತು ಲೇಪದ ಬೋಲ್ಟು ಕಾಯಿಸಿದರೆ ಬಿಳಿ ಹೊಗೆ ಬರುತ್ತದೆ, ಅದನ್ನು ಉಸಿರಾಡಿದರೆ ಜ್ವರ ಬರುತ್ತದೆ. ಬಯಲಲ್ಲಿ, ಗಾಳಿ ಬೆನ್ನ ಹಿಂದಿನಿಂದ ಬರುವ ಹಾಗೆ ನಿಲ್ಲಿ. ಕೆಂಪಗೆ ಕಾಯಿಸಿದ ಬೋಲ್ಟು ನಟ್ಟನ್ನು ಮತ್ತೆ ಬಳಸಬೇಡಿ, ಅದರ ಗಡಸು ಹೋಗಿರುತ್ತದೆ.

ಐನ್‌ಮನೆಗಳ (ಕೊಡವರ ಮೂಲ ಮನೆಗಳ) ಹಳೇ ಬಾಗಿಲಿನ ಕೀಲಿನ ಸ್ಕ್ರೂಗಳಿಗೆ ಈ ಎಣ್ಣೆಯ ದಾರಿಯೇ ತಪ್ಪು. ಎಣ್ಣೆ ಮರಕ್ಕೆ ಇಂಗಿದರೆ ಕಪ್ಪು ಕಲೆ, ಪಾಲಿಶ್ ಆಮೇಲೆ ಹಿಡಿಯುವುದಿಲ್ಲ. ಅಲ್ಲಿ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನಿನ ಬಿಸಿ ತುದಿಯನ್ನು ಸ್ಕ್ರೂವಿನ ತಲೆಯ ಮೇಲೆ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಸ್ಕ್ರೂ ಹಿಗ್ಗಿ ಸುತ್ತಲ ಮರವನ್ನು ಒತ್ತುತ್ತದೆ, ಆರಿದಾಗ ಕುಗ್ಗಿ ಸಡಿಲವಾಗುತ್ತದೆ. ತಲೆಯ ಸೀಳಿನಲ್ಲಿ ತುಂಬಿದ ಬಣ್ಣ, ಧೂಳನ್ನು ಸೂಜಿಯಿಂದ ಪೂರ್ತಿ ಕೆರೆದು ತೆಗೆದು, ಸೀಳಿನ ಅಗಲಕ್ಕೆ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನು ಮೈಭಾರ ಕೊಟ್ಟು ಒತ್ತಿ ತಿರುಗಿಸಿ. ಅಂಥ ಹಿತ್ತಾಳೆ ಸ್ಕ್ರೂ ಈಗ ಹುಡುಕಿದರೂ ಸಿಗುವುದು ಕಷ್ಟ, ಹಾಳು ಮಾಡಿಕೊಳ್ಳಬೇಡಿ. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಒರೆಸಿ ಪೂಜೆಗಿಡುವ ಕೋವಿಯ ಸ್ಕ್ರೂ ಹಿಡಿದಿದ್ದರೆ ಅದನ್ನು ಮನೆಯಲ್ಲಿ ಕಾಯಿಸುವುದಾಗಲಿ ತಟ್ಟುವುದಾಗಲಿ ಬೇಡ, ಪರವಾನಗಿ ಇರುವ ಕೋವಿ ರಿಪೇರಿಯವರ ಕೈಗೇ ಕೊಡಿ.

ತಗಡಿನ ಮಾಡಿನ ಕೊಕ್ಕೆ ಬೋಲ್ಟುಗಳಿಗೆ ಇಷ್ಟೆಲ್ಲ ತಾಳ್ಮೆ ಬೇಕಿಲ್ಲ. ಕತ್ತರಿಸಿ ಹೊಸದು ಹಾಕಿ, ಬೆಲೆ ಕಡಿಮೆ, ಪಾಚಿ ಹಿಡಿದ ಮಾಡಿನ ಮೇಲೆ ಹೆಚ್ಚು ಹೊತ್ತು ಕೂರುವುದೇ ಅಪಾಯ.

ಪಲ್ಪರಿನ ವಿಷಯ ಬೇರೆ. ಕಾಫಿ ಹಣ್ಣಿನ ಲೋಳೆ ಹುಳಿತು ಆಮ್ಲವಾಗುತ್ತದೆ, ಆ ನೀರು ಬಿದ್ದ ಬೋಲ್ಟು ಮಳೆ ನೀರಿಗಿಂತ ಬೇಗ ತಿನ್ನಿಸಿಕೊಳ್ಳುತ್ತದೆ. ಕೆಲಸ ಮುಗಿದ ದಿನವೇ ಒಳ್ಳೆ ನೀರಲ್ಲಿ ತೊಳೆದು ಒಣಗಿಸಿದರೆ ಅರ್ಧ ಕಷ್ಟ ಅಲ್ಲೇ ತೀರುತ್ತದೆ. ಬಿಚ್ಚಲು ಎಣ್ಣೆ ಬಿಟ್ಟಿದ್ದರೆ ಹಣ್ಣು ಹಾಕುವ ಮೊದಲು ಸೋಪಿನ ನೀರಿನಲ್ಲಿ ವಾಸನೆ ಹೋಗುವ ತನಕ ತೊಳೆಯಿರಿ. ಡೀಸೆಲ್ ವಾಸನೆ ಬೀಜಕ್ಕೆ ಹತ್ತಿದರೆ ಕಪ್ಪಿನಲ್ಲಿ ಗೊತ್ತಾಗಿಬಿಡುತ್ತದೆ.

ಕೂಡಿಸುವಾಗ ಹಳೇ ನಟ್ಟಿನ ಮೇಲೆ ದಯೆ ಬೇಡ. ಬೋಲ್ಟಿನ ತ್ರೆಡ್ಡು ಡೀಸೆಲ್ಲಿನಲ್ಲಿ ತೊಳೆದು, ಬ್ರಷ್ ಹಾಕಿ, ಹೊಸ ನಟ್ಟು ಬೆರಳಿನಿಂದಲೇ ಕೊನೆ ತನಕ ಓಡುತ್ತದೆಯೇ ನೋಡಿ. ಓಡದಿದ್ದರೆ ಬೋಲ್ಟನ್ನೂ ಬದಲಿಸಿ. ತಾಮ್ರದ ಪುಡಿ ಬೆರೆತ ಆ್ಯಂಟಿ-ಸೀಜ್ ಗ್ರೀಸ್ ಸಿಕ್ಕರೆ ಅದು, ಇಲ್ಲವಾದರೆ ಮಾಮೂಲಿ ಗ್ರೀಸ್, ತ್ರೆಡ್ಡಿಗೆ ತೆಳುವಾಗಿ ಸವರಿ. ಗ್ರೀಸ್ ಹಾಕಿದ ನಟ್ಟು ಕಡಿಮೆ ಬಲಕ್ಕೇ ಹೆಚ್ಚು ಬಿಗಿಯುತ್ತದೆ, ಹಾಗಾಗಿ ಕೈ ಸ್ವಲ್ಪ ಹಿಡಿತದಲ್ಲಿರಲಿ. ಚಕ್ರದ ಸ್ಟಡ್ಡಿಗೆ ಗ್ರೀಸ್ ಬೇಡ. ಸ್ಟೇನ್‌ಲೆಸ್ ಬೋಲ್ಟು ತುಕ್ಕು ಹಿಡಿಯುವುದಿಲ್ಲ ಅಂತ ಒಣಗಿದ್ದನ್ನೇ ಸರಸರ ಬಿಗಿದರೆ ಎರಡು ಲೋಹಗಳೂ ಉಜ್ಜಿಕೊಂಡು ಬೆಸೆದುಬಿಡುತ್ತವೆ, ಆಮೇಲೆ ಯಾವ ಎಣ್ಣೆಯೂ ಕೇಳುವುದಿಲ್ಲ. ಗ್ರೀಸ್ ಹಚ್ಚಿ ನಿಧಾನಕ್ಕೆ ತಿರುಗಿಸಿ.

ಮೇ ಕೊನೆಯಲ್ಲಿ ಪಂಪ್‌ಸೆಟ್ಟನ್ನು ಒಳಗೆ ತರಲಾಗದಿದ್ದರೆ ಹೊರಗೆ ಕಾಣುವ ತ್ರೆಡ್ಡುಗಳಿಗೆಲ್ಲ ಗ್ರೀಸ್ ಮೆತ್ತಿ, ಸೈಕಲ್ಲಿನ ಹಳೇ ಟ್ಯೂಬ್ ತುಂಡು ಮಾಡಿ ಟೋಪಿಯ ಹಾಗೆ ತೊಡಿಸಿ. ಗೋಣಿಚೀಲ ಹೊದಿಸಬೇಡಿ, ಅದು ಸೆಪ್ಟೆಂಬರ್ ತನಕ ನೀರು ಹಿಡಿದು ಕಬ್ಬಿಣಕ್ಕೆ ಅಂಟಿಸಿಕೊಂಡೇ ಇರುತ್ತದೆ. ಪ್ಲಾಸ್ಟಿಕ್ ಹೊದಿಸಿದರೂ ಕೆಳಗೆ ಗಾಳಿಯಾಡಲು ಬಿಡಿ, ಸುತ್ತಲೂ ಕಟ್ಟಿಬಿಟ್ಟರೆ ಒಳಗೇ ಬೆವರುತ್ತದೆ. ಮಳೆ ಬಿಡುವು ಕೊಟ್ಟ ದಿನ ಹೋಗಿ ಫ್ಲೈವೀಲನ್ನು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ, ನಟ್ಟುಗಳಿಗೆ ಎರಡೆರಡು ಹನಿ ಬಿಟ್ಟು ಬನ್ನಿ.