ರಾತ್ರಿ ರೈಲು ಹತ್ತಿ, ಬೆಳಿಗ್ಗೆ ಹಿಮದ ಬೆಟ್ಟಕ್ಕೆ

ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸಂಜೆ ರೈಲು ಹತ್ತಿ ಮಲಗಿದರೆ ಬೆಳಿಗ್ಗೆ ಆಸ್ಟ್ರಿಯಾದ ಇನ್ಸ್‌ಬ್ರುಕ್. ಸ್ಟೇಷನ್ನಿನಿಂದ ಹೊರಗೆ ಬಂದು ತಲೆ ಎತ್ತಿದರೆ ಎದುರಿಗೇ ಆಲ್ಪ್ಸ್. ಜರ್ಮನಿ, ನೆದರ್ಲೆಂಡ್ಸ್ ಕಡೆ ಓದಲು, ಕೆಲಸಕ್ಕೆಂದು ಹೋಗಿರುವ ಕನ್ನಡಿಗರು ಮೊದಲ ಸಲ ಸ್ಕೀ, ಅಂದರೆ ಕಾಲಿಗೆ ಉದ್ದನೆ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವುದನ್ನು, ಕಲಿಯಲು ಹೊರಟರೆ ಇದು ಒಳ್ಳೆಯ ದಾರಿ. ರೈಲಿನಲ್ಲಿ ರಾತ್ರಿ ಕಳೆಯುವುದು ನಮಗೇನೂ ಹೊಸದಲ್ಲ. ಪೇಚಾಟ ಶುರುವಾಗುವುದು ಇಳಿದ ಮೇಲೆ. ಕೈ ತುಂಬ ಸಾಮಾನು, ಕಣ್ಣಲ್ಲಿ ನಿದ್ದೆ, ಹೋಟೆಲ್ ರೂಮ್ ಸಿಗುವುದು ಮಧ್ಯಾಹ್ನದ ಮೇಲೆ. ಹಾಗಾಗಿ ಆ ಮೊದಲ ಬೆಳಿಗ್ಗೆ ಏನು ಮಾಡುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನಿಸಿ. ಟಿಕೆಟ್ಟು, ಸಾಮಾನು ಎಲ್ಲ ಅದರ ಲೆಕ್ಕದಲ್ಲಿ ನಡೆಯಲಿ.

ಟಿಕೆಟ್

ಈ ರೈಲಿನ ಹೆಸರು ನೈಟ್‌ಜೆಟ್. ನಡೆಸುವುದು ಆಸ್ಟ್ರಿಯಾ ರೈಲ್ವೆ. 2016ರ ಡಿಸೆಂಬರ್‌ನಲ್ಲಿ ಜರ್ಮನ್ ರೈಲ್ವೆ ತನ್ನ ಸ್ಲೀಪರ್ ರೈಲುಗಳನ್ನು ನಿಲ್ಲಿಸಿದಾಗ, ಕೆಲವು ಮಾರ್ಗಗಳನ್ನು ಇವರು ವಹಿಸಿಕೊಂಡರು. ದರ ವಿಮಾನದ ಹಾಗೆ, ದಿನ ಹತ್ತಿರ ಬಂದಂತೆ ಏರುತ್ತದೆ. ನಮ್ಮಲ್ಲಿಯ ವೇಟಿಂಗ್ ಲಿಸ್ಟ್, ಆರ್‌ಎಸಿ, ತತ್ಕಾಲ್ ಯಾವುದೂ ಇಲ್ಲ. ಬರ್ತ್ ಮುಗಿದರೆ ಮುಗಿಯಿತು. ಯುರೋಪಿನ ರೈಲು ವೇಳಾಪಟ್ಟಿ ಪ್ರತಿ ವರ್ಷ ಡಿಸೆಂಬರ್ ಮಧ್ಯದಲ್ಲಿ ಬದಲಾಗುತ್ತದೆ. ಅದರ ನಂತರದ ದಿನಗಳ ಬುಕಿಂಗ್ ಕೆಲವೊಮ್ಮೆ ತಡವಾಗಿ ತೆರೆಯುತ್ತದೆ. ಆಗಾಗ ನೋಡುತ್ತಿರಿ. ಕ್ರಿಸ್‌ಮಸ್, ಹೊಸ ವರ್ಷ ಮತ್ತು ಫೆಬ್ರುವರಿಯ ಶಾಲಾ ರಜೆಯಲ್ಲಿ ವಿಪರೀತ ನೂಕುನುಗ್ಗಲು. ಜನವರಿಯ ನಡುವಿನ ವಾರಗಳೇ ವಾಸಿ. ಚಳಿ ಸ್ವಲ್ಪ ಜಾಸ್ತಿ, ಅಷ್ಟೇ.

ಯಾವ ದರ್ಜೆ? ಸೀಟು ಎಲ್ಲಕ್ಕಿಂತ ಅಗ್ಗ. ಮರುದಿನ ಸ್ಕೀ ಮಾಡುವ ಆಸೆ ಇದ್ದರೆ ಅದನ್ನು ಮರೆತುಬಿಡಿ. ರಾತ್ರಿಯೆಲ್ಲ ಕೂತು ಹೋದ ಕಾಲುಗಳು ಬೆಟ್ಟದಲ್ಲಿ ಕೈ ಕೊಡುತ್ತವೆ. ಕುಶೆಟ್ ಅಂದರೆ ನಮ್ಮ ತ್ರೀ ಟಯರ್ ಎಸಿಯ ನೆಂಟ. ನಾಲ್ಕು ಅಥವಾ ಆರು ಬರ್ತು, ಹೊದಿಕೆ, ದಿಂಬು, ಜೊತೆಗೆ ಬಾಗಿಲು. ಹೆಂಗಸರಿಗಷ್ಟೇ ಮೀಸಲಾದ ಕಂಪಾರ್ಟ್‌ಮೆಂಟೂ ಇದೆ. ಬುಕ್ ಮಾಡುವಾಗಲೇ ಕೇಳಬೇಕು. 2023ರ ಕೊನೆಯಿಂದ ಓಡುತ್ತಿರುವ ಹೊಸ ರೈಲುಗಳಲ್ಲಿ ಒಬ್ಬರಿಗಷ್ಟೇ ಸಾಕಾಗುವ ಪುಟ್ಟ ಮಿನಿ ಕ್ಯಾಬಿನ್‌ಗಳಿವೆ. ಒಂಟಿ ಪ್ರಯಾಣಿಕರಿಗೆ ಚೆನ್ನ. ಆದರೆ ಅದರ ಲಾಕರ್ ಚಿಕ್ಕದು, ಸ್ಕೀ ಹಿಡಿಸುವುದಿಲ್ಲ. ಸ್ಲೀಪರ್ ಕಾರ್ ದುಬಾರಿ. ಅಲ್ಲಿ ಹಾಸಿಗೆ ಹಾಸಿಯೇ ಇರುತ್ತದೆ. ನನ್ನನ್ನು ಕೇಳಿದರೆ ನಾಲ್ಕು ಜನ ಗೆಳೆಯರು ಸೇರಿ ನಾಲ್ಕು ಬರ್ತಿನ ಕುಶೆಟ್ ಹಿಡಿಯುವುದು ಜಾಣತನ.

ಸ್ಕೀ ಹೊತ್ತುಕೊಂಡು ಹೋಗಬೇಕಾ?

ಬೇಡ. ಕಲಿಯುವವರಿಗೆ ಖಂಡಿತ ಬೇಡ. ಸ್ಕೀ, ಕೋಲು, ಬೂಟು, ಹೆಲ್ಮೆಟ್ ಎಲ್ಲವೂ ಅಲ್ಲೇ ಬಾಡಿಗೆಗೆ ಸಿಗುತ್ತವೆ. ಆಳೆತ್ತರದ ಸ್ಕೀ ಹಿಡಿದು ಇಕ್ಕಟ್ಟಾದ ಕಾರಿಡಾರ್‌ನಲ್ಲಿ ನುಗ್ಗುವುದು ನಿಮಗೂ ಕಷ್ಟ, ಎದುರು ಬಂದವರಿಗೂ ಕಷ್ಟ. ಅಭ್ಯಾಸ ಇರುವವರು ಬೂಟು ಮಾತ್ರ ಸ್ವಂತದ್ದು ಒಯ್ಯುತ್ತಾರೆ. ಅಳತೆ ಸರಿಯಿಲ್ಲದ ಬೂಟಿನಷ್ಟು ಹಿಂಸೆ ಇನ್ನೊಂದಿಲ್ಲ. ಒಯ್ದರೆ ಅದನ್ನು ಬಾಗಿಲ ಹತ್ತಿರದ ತಣ್ಣನೆ ಜಾಗದಲ್ಲಿ ಬಿಡಬೇಡಿ. ಪ್ಲಾಸ್ಟಿಕ್ ಗಟ್ಟಿಯಾಗಿ, ಬೆಳಿಗ್ಗೆ ಕಾಲು ತೂರಿಸುವುದೇ ಸಾಹಸವಾಗುತ್ತದೆ. ಕಂಪಾರ್ಟ್‌ಮೆಂಟ್ ಒಳಗೇ ಇರಲಿ.

ಬಟ್ಟೆಯ ಸೂಟ್‌ಕೇಸ್ ಒಂದು, ರಾತ್ರಿಗೆ ಬೇಕಾದ್ದನ್ನು ಇಟ್ಟ ಚಿಕ್ಕ ಚೀಲ ಒಂದು. ಪಾಸ್‌ಪೋರ್ಟು ಮತ್ತು ರೆಸಿಡೆನ್ಸ್ ಕಾರ್ಡ್ ಆ ಚಿಕ್ಕ ಚೀಲದಲ್ಲಿ, ದಿಂಬಿನ ಪಕ್ಕದಲ್ಲಿ. ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪು) ಒಳಗೆ ಗಡಿ ಇಲ್ಲ ಅಂದುಕೊಂಡು ಮನೆಯಲ್ಲೇ ಬಿಟ್ಟು ಹೋಗಬೇಡಿ. ಆಸ್ಟ್ರಿಯಾದಿಂದ ಜರ್ಮನಿಗೆ ಮರಳುವಾಗ ಪೊಲೀಸರು ಹತ್ತಿ ಕೇಳುವುದುಂಟು. ವಿಮೆಯಲ್ಲಿ ಬೆಟ್ಟದಿಂದ ಕೆಳಗಿಳಿಸುವ ಖರ್ಚೂ ಸೇರಿದೆಯೇ ಅಂತ ನೋಡಿಕೊಳ್ಳಿ. ಸ್ಕೀ ಮಾಡುವಾಗ ಬಿದ್ದವರನ್ನು ಹೆಲಿಕಾಪ್ಟರ್‌ನಲ್ಲಿ ಸಾಗಿಸಿದರೆ ಬಿಲ್ಲು ಅವರ ಹೆಸರಿಗೇ ಬರುತ್ತದೆ. ಆಸ್ಟ್ರಿಯಾದಲ್ಲಿ ಬೆಟ್ಟದ ರಕ್ಷಣಾ ಪಡೆಯ ನಂಬರ್ 140. ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.

ರೈಲಿನೊಳಗೆ

ಹತ್ತುವ ಮುಂಚೆ ಬೋಗಿ ನಂಬರ್ ನೋಡಿ. ಹ್ಯಾಂಬರ್ಗ್‌ನಿಂದ ಬರುವ ರೈಲು ದಾರಿಯಲ್ಲಿ ಎರಡಾಗಿ, ಒಂದು ಭಾಗ ಇನ್ಸ್‌ಬ್ರುಕ್‌ಗೆ, ಇನ್ನೊಂದು ವಿಯೆನ್ನಾಕ್ಕೆ ಹೋಗುತ್ತದೆ. ನಮ್ಮ ಲಿಂಕ್ ಎಕ್ಸ್‌ಪ್ರೆಸ್‌ನಂತೆಯೇ. ತಪ್ಪು ಬೋಗಿಯಲ್ಲಿ ನಿದ್ದೆ ಹೋದರೆ ಕಣ್ಣು ಬಿಡುವುದು ಬೇರೆ ಊರಿನಲ್ಲಿ.

ಊಟದ ಬೋಗಿ ಇಲ್ಲ. ತಿಂಡಿ, ಪಾನೀಯಗಳ ಪುಟ್ಟ ಮೆನು ಇರುತ್ತದೆ. ಸಸ್ಯಾಹಾರಿಗಳು ಅದನ್ನೇ ನೆಚ್ಚಿಕೊಳ್ಳಬಾರದು. ಚಪಾತಿ ಪಲ್ಯ ಸುತ್ತಿಕೊಂಡರೆ ಮುಗಿಯಿತು. ಉಪ್ಪಿನಕಾಯಿ ಡಬ್ಬಿ ಮಾತ್ರ ಮುಚ್ಚಿದ ಕಂಪಾರ್ಟ್‌ಮೆಂಟ್‌ನಲ್ಲಿ ತೆರೆಯಬೇಡಿ, ಪಕ್ಕದವರೂ ಮಲಗಬೇಕಲ್ವಾ! ಹೀಟರ್‌ನಿಂದ ಗಂಟಲು ಒಣಗುತ್ತದೆ, ನೀರಿನ ಬಾಟಲಿ ಕೈಗೆ ಸಿಗುವಂತಿರಲಿ. ಇಳಿಯುವ ಸ್ವಲ್ಪ ಮುಂಚೆ ಅಟೆಂಡೆಂಟ್ ಬ್ರೆಡ್ಡು, ಬೆಣ್ಣೆ, ಜಾಮ್, ಕಾಫಿ ತಂದು ಎಬ್ಬಿಸುತ್ತಾರೆ.

ಮೊದಲ ದಿನ

ಈಗ ಮುಖ್ಯ ವಿಷಯ. ಇಳಿದ ದಿನ ಬೆಳಿಗ್ಗೆ ಹತ್ತಕ್ಕೇ ಸ್ಕೀ ತರಗತಿ ಬುಕ್ ಮಾಡುವವರು ಬಹಳ. ಮಾಡಬೇಡಿ. ಜರ್ಮನಿಯ ಹಳಿಗಳ ಮೇಲೆ ಗಂಟೆಗಟ್ಟಲೆ ತಡವಾಗುವುದು ಅಪರೂಪವೇನಲ್ಲ. ತರಗತಿ ಮರುದಿನಕ್ಕಿರಲಿ.

ಸಾಮಾನನ್ನು ಸ್ಟೇಷನ್ ಲಾಕರ್‌ನಲ್ಲೋ ಹೋಟೆಲಿನಲ್ಲೋ ಇಟ್ಟು ಊರ ಮೇಲಿನ ನಾರ್ಡ್‌ಕೆಟ್ಟೆ ಬೆಟ್ಟಕ್ಕೆ ಹೋಗಿ. ಹೆಸರಾಂತ ವಾಸ್ತುಶಿಲ್ಪಿ ಝಹಾ ಹದೀದ್ ವಿನ್ಯಾಸ ಮಾಡಿದ ನಿಲ್ದಾಣಗಳಿರುವ ಫ್ಯುನಿಕ್ಯುಲರ್ (ಕೇಬಲ್ಲಿನಿಂದ ಬೆಟ್ಟ ಹತ್ತಿಸುವ) ರೈಲು ನಗರದ ನಡುವಿನಿಂದಲೇ ಹೊರಡುತ್ತದೆ. ಮುಂದೆ ಕೇಬಲ್ ಕಾರ್. 574 ಮೀಟರ್ ಎತ್ತರದ ಊರಿನಿಂದ 1,905 ಮೀಟರ್‌ನ ಝೇಗ್ರೂಬೆಗೆ ತಲುಪುತ್ತೀರಿ. ಸುಮ್ನೆ ಹಿಮ ನೋಡಿ, ಬಿಸಿ ಸೂಪ್ ಕುಡಿದು ಇಳಿಯಿರಿ. ಅಲ್ಲಿ ಸ್ಕೀ ಮಾಡುವ ಹುಮ್ಮಸ್ಸು ಬೇಡ. ಕಡಿದಾದ ಇಳಿಜಾರಿಗೇ ಹೆಸರಾದ ಜಾಗ ಅದು. ಇಳಿದ ಮೇಲೆ ಸಂಜೆ ಬೂಟು ಹಾಕಿ ನೋಡಿ, ಬಾಡಿಗೆಯ ಕೆಲಸ ಮುಗಿಸಿಡಿ.

ಮರುದಿನ ಕಲಿಯುವವರಿಗೆ ಪಾಟ್ಶರ್‌ಕೋಫೆಲ್ ಬೆಟ್ಟವೇ ಹತ್ತಿರ. ನಗರದ ಜೆ ನಂಬರ್ ಬಸ್ ಅಲ್ಲಿಗೇ ಹೋಗುತ್ತದೆ. 1964 ಮತ್ತು 1976ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಗಂಡಸರ ಡೌನ್‌ಹಿಲ್ (ಇಳಿಜಾರಿನಲ್ಲಿ ಅತಿ ವೇಗವಾಗಿ ಸ್ಕೀ ಮಾಡಿ ಇಳಿಯುವ) ಸ್ಪರ್ಧೆ ನಡೆದ ಬೆಟ್ಟ. ಹೆದರಬೇಡಿ, ಕಲಿಯುವವರ ಇಳಿಜಾರು ಬೇರೆಯೇ ಇದೆ. ಕೈ ಪಳಗಿದವರು ಸ್ಟುಬಾಯ್ ಹಿಮನದಿಗೆ ಹೋಗಬಹುದು. ಅಲ್ಲಿ ಸ್ಕೀ ಮಾಡುವವರನ್ನು ಮೇಲಕ್ಕೆ ಒಯ್ಯುವ ಲಿಫ್ಟುಗಳು 3,000 ಮೀಟರ್ ಎತ್ತರ ದಾಟುತ್ತವೆ, ಬೇರೆ ಕಡೆ ಹಿಮ ಕಮ್ಮಿ ಇದ್ದಾಗಲೂ ಅಲ್ಲಿ ಸಿಗುತ್ತದೆ.

ವಾಪಸ್ ಬರುವಾಗ

ಮರಳುವ ರೈಲೂ ರಾತ್ರಿಯದೇ ಆದ್ದರಿಂದ ಕೊನೆಯ ದಿನವೂ ಪೂರ್ತಿ ಸಿಗುತ್ತದೆ. ಲಿಫ್ಟುಗಳು ನಾಲ್ಕರ ಸುಮಾರಿಗೆ ನಿಲ್ಲುತ್ತವೆ. ಬಾಡಿಗೆ ಸಾಮಾನು ವಾಪಸ್ ಕೊಟ್ಟು, ಎಲ್ಲಾದರೂ ಸ್ನಾನ ಮುಗಿಸಿ. ರೂಮ್ ಬಿಟ್ಟ ಮೇಲೂ ಸ್ನಾನಕ್ಕೆ ಬಿಡುತ್ತೀರಾ ಅಂತ ಹೋಟೆಲ್‌ನವರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಒದ್ದೆ ಕೈಗವಸು, ಸಾಕ್ಸ್‌ಗೆ ಒಂದು ಪ್ಲಾಸ್ಟಿಕ್ ಚೀಲ ಬೇಕೇ ಬೇಕು.

ಊರು ತಲುಪಿದ ಮೇಲೂ ಟಿಕೆಟ್ ಎಸೆಯಬೇಡಿ. ಯುರೋಪಿಯನ್ ಯೂನಿಯನ್ ನಿಯಮದ ಪ್ರಕಾರ ರೈಲು ಒಂದು ಗಂಟೆಗಿಂತ ತಡವಾದರೆ ಟಿಕೆಟ್ ದರದ ಶೇ 25, ಎರಡು ಗಂಟೆ ದಾಟಿದರೆ ಶೇ 50 ಪರಿಹಾರ ಕೇಳಬಹುದು. ಅರ್ಜಿಯನ್ನು ಆನ್‌ಲೈನಿನಲ್ಲೇ ಹಾಕಬಹುದು.