ಹಿಂದಿನ ಗೇರು ಸರಿ ಬೀಳುತ್ತಿಲ್ಲವಾ? ಸ್ಕ್ರೂ ಮುಟ್ಟುವ ಮೊದಲು ಕೇಬಲ್ ನೋಡಿ

ಮಳೆಗಾಲ ಮುಗಿದು ಸೈಕಲ್ ಹೊರಗೆ ತೆಗೆದವರ ದೂರು ಹೆಚ್ಚುಕಡಿಮೆ ಒಂದೇ. ಗೇರು ಒತ್ತಿದ ಕೂಡಲೇ ಬೀಳುವುದಿಲ್ಲ, ಬಿದ್ದರೂ ಕಟಕಟ ಸದ್ದು, ಒಮ್ಮೊಮ್ಮೆ ತಾನಾಗಿ ಪಕ್ಕದ ಗೇರಿಗೆ ಹಾರುತ್ತದೆ. ಆಗ ಎಲ್ಲರ ಕೈ ಹೋಗುವುದು, ಹಿಂದೆ ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್‌ನಲ್ಲಿರುವ ಆ ಎರಡು ಸಣ್ಣ ಸ್ಕ್ರೂಗಳ ಕಡೆಗೆ. ದಯವಿಟ್ಟು ಅವನ್ನು ಸದ್ಯಕ್ಕೆ ಮುಟ್ಟಬೇಡಿ. ಚೈನು ಆ ಕಡೆ ಚಕ್ರದ ಕಡ್ಡಿಗಳಿಗೆ ಸಿಕ್ಕದಂತೆ, ಈ ಕಡೆ ಫ್ರೇಮಿಗೆ ಬೀಳದಂತೆ ತಡೆಯುವುದಷ್ಟೇ ಅವುಗಳ ಕೆಲಸ. ಮೊನ್ನೆವರೆಗೆ ಸರಿ ಇದ್ದ ಗೇರು ಈಗ ಕೆಟ್ಟಿದೆ ಅಂದರೆ ಕಾರಣ ಬೇರೆ ಎಲ್ಲೋ ಇದೆ. ಸುಮ್ನೆ ಅದನ್ನು ತಿರುಗಿಸಿದರೆ ಒಂದು ತೊಂದರೆ ಎರಡಾಗುತ್ತದೆ.

ಮೊದಲು ಹಿಂದಿನ ಚಕ್ರ ನೆಲದಿಂದ ಎತ್ತಿ. ಸ್ಟ್ಯಾಂಡ್ ಇಲ್ಲದಿದ್ದರೆ ಪಕ್ಕಾಸಿಗೆ ಹಗ್ಗ ಕಟ್ಟಿ ಸೀಟನ್ನು ತೂಗುಹಾಕಿದರೂ ಸಾಕು. ಒಂದು ಕೈಯಲ್ಲಿ ಪೆಡಲ್ ತಿರುಗಿಸುತ್ತಾ ಒಂದೊಂದೇ ಗೇರು ಹಾಕಿ, ಯಾವ ಕಡೆಗೆ ಹೋಗುವಾಗ ತಡವಾಗುತ್ತದೆ ಅಂತ ಗಮನಿಸಿ. ಇದೊಂದು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. ಹಲ್ಲಿನ ಸಣ್ಣ ಚಕ್ರದಿಂದ ದೊಡ್ಡದಕ್ಕೆ ಹತ್ತಲು ತಡವಾದರೆ ಕೇಬಲ್ ಸಡಿಲವಾಗಿದೆ. ದೊಡ್ಡದರಿಂದ ಸಣ್ಣದಕ್ಕೆ ಇಳಿಯಲು ತಡವಾದರೆ ಒಂದೋ ಕೇಬಲ್ ಜಾಸ್ತಿ ಬಿಗಿಯಾಗಿದೆ, ಇಲ್ಲವೇ ಔಟರ್ ಒಳಗೆ, ಅಂದರೆ ಕೇಬಲ್ಲಿನ ಹೊರಕವಚದೊಳಗೆ, ಎಲ್ಲೋ ಹಿಡಿಯುತ್ತಿದೆ. ಹತ್ತುವಾಗ ಎಳೆಯುವುದು ನಿಮ್ಮ ಬೆರಳು. ಇಳಿಯುವಾಗ ಎಳೆಯುವುದು ಡಿರೇಲರ್ ಒಳಗಿನ ಸಣ್ಣ ಸ್ಪ್ರಿಂಗ್ ಮಾತ್ರ, ಅದಕ್ಕೆ ತುಕ್ಕಿನ ಜೊತೆ ಗುದ್ದಾಡುವಷ್ಟು ಶಕ್ತಿ ಇಲ್ಲ. ಎರಡೂ ಕಡೆ ಸರಿ ಬೀಳುತ್ತಿಲ್ಲ, ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಕೆಡುತ್ತದೆ ಅಂತಾದರೆ ಅದು ಬಹುಪಾಲು ತುಕ್ಕೇ.

ಮಂಗಳೂರು, ಉಡುಪಿ ಕಡೆ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಮೇಲಿಂದ ಸಮುದ್ರದ ಉಪ್ಪು ಗಾಳಿ. ಮಲ್ಪೆ, ಪಣಂಬೂರು ಕಡೆ ಓಡಿಸುವವರಿಗೆ ಮರಳೂ ಸೇರುತ್ತದೆ. ಆಟಿ ತಿಂಗಳಲ್ಲಿ ಹೊರಗೆ ನಿಂತ ಸೈಕಲ್ಲಿನ ಕೇಬಲ್ ಹೊರಗಿನಿಂದ ಚೆಂದವಾಗೇ ಕಾಣುತ್ತದೆ, ಕೆಟ್ಟಿರುವುದು ಔಟರ್ ಒಳಗೆ. ಅದನ್ನು ನೋಡಲು ಏನೂ ಬಿಚ್ಚಬೇಕಿಲ್ಲ. ಪೆಡಲ್ ತಿರುಗಿಸುತ್ತಾ ಹಿಂದೆ ಅತಿ ದೊಡ್ಡ ಚಕ್ರಕ್ಕೆ ಹಾಕಿ. ಈಗ ಪೆಡಲ್ ನಿಲ್ಲಿಸಿ, ಚಕ್ರವೂ ತಿರುಗಬಾರದು, ಹ್ಯಾಂಡಲಿನಲ್ಲಿ ಗೇರು ಬದಲಿಸುವ ಶಿಫ್ಟರನ್ನು ಮಾತ್ರ ಅತಿ ಸಣ್ಣ ಚಕ್ರದ ಗೇರಿನವರೆಗೂ ಒತ್ತುತ್ತಾ ಹೋಗಿ. ಚೈನು ಅಲ್ಲೇ ಇರುತ್ತದೆ, ಕೇಬಲ್ ಜೋತುಬೀಳುತ್ತದೆ. ಫ್ರೇಮಿನಲ್ಲಿ ಔಟರ್ ಕೂರುವ ಜಾಗದಲ್ಲಿ ಸೀಳು ಇದ್ದರೆ ಅದನ್ನು ಹಾಗೇ ಹೊರಗೆ ಜಾರಿಸಬಹುದು. ಸೀಳು ಇಲ್ಲದ ಫ್ರೇಮಾದರೆ ಡಿರೇಲರಿನಲ್ಲಿ ಕೇಬಲ್ ಹಿಡಿದಿರುವ ಬೋಲ್ಟ್ ಸಡಿಲಿಸಿ ಕೇಬಲ್ ಎಳೆಯಬೇಕು, ಬೇರೆ ದಾರಿ ಇಲ್ಲ.

ಔಟರನ್ನು ಆಚೀಚೆ ಸರಿಸಿ, ಅಡಗಿದ್ದ ಭಾಗವನ್ನು ಬೆರಳಲ್ಲಿ ಸವರಿ. ಒಳ್ಳೆಯ ಕೇಬಲ್ ನುಣ್ಣಗೆ ಜಾರುತ್ತದೆ. ಕೆಟ್ಟಿದ್ದಾದರೆ ಬೆರಳಿಗೆ ಕೆಂಪು ಹುಡಿ ಅಂಟುತ್ತದೆ, ಎಲ್ಲೋ ಒಂದು ಕಡೆ ತರಿತರಿಯಾಗಿ ಸಿಗುತ್ತದೆ. ಡಿರೇಲರ್ ಹತ್ತಿರ ಬಳುಕಿ ಬರುವ ಕೊನೆಯ ತುಂಡನ್ನು ಬಿಡದೆ ನೋಡಿ, ಚಕ್ರ ಎರಚುವ ನೀರೆಲ್ಲ ಅಲ್ಲಿಗೇ ಸೇರುತ್ತದೆ. ತುಕ್ಕು ಕಂಡರೆ ಎಣ್ಣೆ ಬಿಟ್ಟು ಸುಧಾರಿಸಲು ಹೋಗಬೇಡಿ, ನಾಲ್ಕು ದಿನಕ್ಕೆ ಮತ್ತೆ ಅದೇ ಕಥೆ. ಇನ್ನರ್, ಔಟರ್ ಎರಡೂ ಹೊಸದು ಹಾಕಿ. ಅಂಗಡಿಯಲ್ಲಿ ಗೇರಿನ ಔಟರ್ ಅಂತಲೇ ಕೇಳಿ, ಬ್ರೇಕಿನದು ಬೇರೆ. ಅದನ್ನು ಗೇರಿಗೆ ಹಾಕಿದರೆ ಎಳೆದಾಗ ಕುಗ್ಗುತ್ತದೆ, ಗೇರು ಎಂದೂ ಕರಾರುವಾಕ್ಕಾಗಿ ಬೀಳುವುದಿಲ್ಲ. ಶಿಫ್ಟರ್ ಬಳಿ ಕೇಬಲ್ಲಿನ ಎಳೆ ಹರಿಯುವುದೂ ಉಂಟು. ಇವತ್ತು ಬಿಗಿ ಮಾಡಿದ್ದು ನಾಳೆಗೆ ಸಡಿಲ ಆಗುತ್ತಿದ್ದರೆ ಅಲ್ಲಿ ನೋಡಿ, ಪೂರ್ತಿ ತುಂಡಾಗಿ ದಾರಿ ಮಧ್ಯೆ ಕೈಕೊಡುವ ಮೊದಲೇ.

ಕೇಬಲ್ ಸರಿ ಇದ್ದರೆ ಸೈಕಲ್ಲಿನ ಹಿಂದೆ ನಿಂತು, ಡಿರೇಲರನ್ನು ಫ್ರೇಮಿಗೆ ಹಿಡಿದಿರುವ ಸಣ್ಣ ತುಂಡು, ಅಂದರೆ ಹ್ಯಾಂಗರ್ ನೋಡಿ. ಡಿರೇಲರಿನ ಎರಡು ಪುಟ್ಟ ಚಕ್ರಗಳು ಮೇಲಿನ ಹಲ್ಲಿನ ಚಕ್ರಕ್ಕೆ ನೇರವಾಗಿ ಕೆಳಗೆ ಇಳಿದಿರಬೇಕು. ಒಳಕ್ಕೆ ವಾಲಿದ್ದರೆ ಹ್ಯಾಂಗರ್ ಬಾಗಿದೆ. ಚೈನಿನ ಬದಿಗೆ ಸೈಕಲ್ ಬಿದ್ದರೆ, ಬಸ್ಸಿನ ಮೇಲೋ ರೈಲಲ್ಲೋ ಹಾಕಿ ತಂದರೆ ಹೀಗಾಗುತ್ತದೆ. ಅಲ್ಯೂಮಿನಿಯಂ ಹ್ಯಾಂಗರನ್ನು ಕೈಯಲ್ಲಿ ಬಗ್ಗಿಸಿ ನೇರ ಮಾಡಲು ಹೋದರೆ ಮುರಿಯಬಹುದು. ಇದನ್ನು ಅಳತೆಯ ಸಾಧನ ಇರುವ ಮೆಕ್ಯಾನಿಕ್ ಹತ್ತಿರವೇ ಮಾಡಿಸಿ.

ಇದೆಲ್ಲ ಸರಿ ಇದ್ದ ಮೇಲೆ ಬಿಗಿ ಹೊಂದಿಸುವುದು ಸುಲಭ. ಕೇಬಲ್ ಡಿರೇಲರಿಗೆ ಸೇರುವಲ್ಲಿ, ಇಲ್ಲವೇ ಶಿಫ್ಟರ್ ಬಳಿ, ಕೈಯಲ್ಲಿ ತಿರುಗಿಸುವ ತಿರುಪು ಇರುತ್ತದೆ. ಹೊರಕ್ಕೆ ಬರುವಂತೆ ತಿರುಗಿಸಿದರೆ ಬಿಗಿ, ಒಳಕ್ಕೆ ಹೋಗುವಂತೆ ತಿರುಗಿಸಿದರೆ ಸಡಿಲ. ಒಂದು ಸಲಕ್ಕೆ ಕಾಲು ಸುತ್ತು ಸಾಕು, ಪ್ರತಿ ಸಲ ಗೇರು ಹಾಕಿ ನೋಡಿ. ಹೊಸ ಕೇಬಲ್ ಕೆಲವು ದಿನಕ್ಕೆ ಕೂತುಕೊಂಡು ಸ್ವಲ್ಪ ಸಡಿಲವಾಗುತ್ತದೆ, ಆಗ ಮತ್ತೊಂದು ಕಾಲು ಸುತ್ತು. ಇಷ್ಟಾದ ಮೇಲೂ ಚೈನು ತುದಿಯ ಚಕ್ರ ದಾಟಿ ಬೀಳುತ್ತಿದ್ದರೆ ಮಾತ್ರ ಆ ಎರಡು ಸ್ಕ್ರೂಗಳ ಸರದಿ. ಒಳಕ್ಕೆ ತಿರುಗಿಸಿದಷ್ಟೂ ಡಿರೇಲರಿನ ಓಡಾಟ ಕಡಿಮೆಯಾಗುತ್ತದೆ.

ತೂಗುಹಾಕಿದಾಗ ಎಲ್ಲ ಚೆನ್ನಾಗಿದ್ದು, ಉಡುಪಿಯಿಂದ ಮಣಿಪಾಲಕ್ಕೆ ಏರುವಾಗಲೋ ಬಾವುಟಗುಡ್ಡೆ ಹತ್ತುವಾಗಲೋ ಜೋರಾಗಿ ತುಳಿದ ಕೂಡಲೇ ಚೈನು ಹಾರುತ್ತದಾ? ಹಾಗಾದರೆ ಇದು ಕೇಬಲ್ಲಿನ ವಿಷಯ ಅಲ್ಲ, ಸವೆತ. ಒಂದು ಪಿನ್ನಿನ ನಡುವಿಗೆ ಸ್ಕೇಲಿನ ಸೊನ್ನೆ ಹಿಡಿಯಿರಿ. ಹೊಸ ಚೈನಿನಲ್ಲಿ ಆ ಪಿನ್ನು ಬಿಟ್ಟು ಎಣಿಸಿದರೆ 24ನೇ ಪಿನ್ನು ಸರಿಯಾಗಿ 12 ಇಂಚಿಗೆ ಬರುತ್ತದೆ. 1/16 ಇಂಚು ಮುಂದೆ ಹೋಗಿದ್ದರೆ ಚೈನು ಬದಲಾಯಿಸಿ. 1/8 ಇಂಚು ಹೋಗಿದ್ದರೆ ಹಿಂದಿನ ಹಲ್ಲುಗಳೂ ಅದರ ಜೊತೆ ಸವೆದಿರುತ್ತವೆ, ಹೊಸ ಚೈನು ಹಾಕಿದರೂ ಹಾರುವುದು ನಿಲ್ಲದಿದ್ದರೆ ಆ ಹಲ್ಲಿನ ಚಕ್ರಗಳ ಗೊಂಚಲು, ಅಂದರೆ ಕ್ಯಾಸೆಟ್ಟನ್ನೂ ಬದಲಾಯಿಸಲೇಬೇಕು.