ಕರೆಂಟ್ ಕೊಡಿಸುವಾಗ ಕರುಳಿನ ಬ್ಯಾಕ್ಟೀರಿಯಾಗೂ ಊಟ ಬೇಕು

ಬೆಂಗಳೂರಿನ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ನಾನು ಡಯಟೀಶಿಯನ್. ಗರ್ಭಕಂಠದ ಕ್ಯಾನ್ಸರಿಗೆ ಕರೆಂಟ್, ಅಂದರೆ ರೇಡಿಯೇಷನ್ ಚಿಕಿತ್ಸೆ, ಕೊಡಿಸಲು ಕೋಲಾರ, ಚಿಂತಾಮಣಿ, ತುಮಕೂರು ಕಡೆಯಿಂದ ತುಂಬಾ ಹೆಂಗಸರು ಬರುತ್ತಾರೆ. ಸಾಮಾನ್ಯವಾಗಿ ಐದು ವಾರ, 25 ಸಲ, ಒಟ್ಟು 45ರಿಂದ 50 ಗ್ರೇ (ವಿಕಿರಣದ ಅಳತೆ). ಎರಡು ಮೂರನೇ ವಾರದ ಹೊತ್ತಿಗೆ ಬಹಳ ಜನಕ್ಕೆ ಭೇದಿ ಶುರು. ಕರುಳಿನ ಒಳಪದರ ಕೆಲವೇ ದಿನಕ್ಕೊಮ್ಮೆ ಹೊಸದಾಗುತ್ತಿರುತ್ತದೆ. ಹೊಸ ಕೋಶ ಹುಟ್ಟುವ ಜಾಗಕ್ಕೇ ಏಟು ಬಿದ್ದಾಗ ಆ ಪದರ ಸವೆಯುತ್ತದೆ.

ಭೇದಿ ಅಂದ ತಕ್ಷಣ ಮನೆಯವರು ಸೊಪ್ಪು, ಕಾಳು, ರಾಗಿ ಎಲ್ಲ ನಿಲ್ಲಿಸಿ ಬರೀ ಗಂಜಿ, ಬ್ರೆಡ್ ಕೊಡುತ್ತಾರೆ. ನಾನು ಇದಕ್ಕೆ ಒಪ್ಪುವುದಿಲ್ಲ. ಕಾರಣ ಇದೆ.

2020ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದವರ ಕೆಲಸ ಬಂತು. ಸಾಯುವಷ್ಟು ವಿಕಿರಣ ಇಡೀ ಮೈಗೆ ಬಿದ್ದರೂ ಕೆಲವು ಇಲಿಗಳು ಬದುಕಿದ್ದವು. ಅವುಗಳ ಕರುಳಲ್ಲಿ ಲ್ಯಾಕ್ನೋಸ್ಪಿರೇಸಿ, ಎಂಟೆರೊಕಾಕೇಸಿ ಗುಂಪಿನ ಬ್ಯಾಕ್ಟೀರಿಯಾ ಜಾಸ್ತಿ. ಆ ಬ್ಯಾಕ್ಟೀರಿಯಾ ಕೊಟ್ಟಾಗ ಬೇರೆ ಇಲಿಗಳೂ ಹೆಚ್ಚು ಉಳಿದವು. ಪ್ರೊಪಿಯೋನೇಟ್ ಎಂಬ ಸಣ್ಣ ಕೊಬ್ಬಿನಾಮ್ಲ ಒಂದನ್ನೇ ಕೊಟ್ಟರೂ ಮೂಳೆಯ ಮಜ್ಜೆ, ಕರುಳು ಎರಡಕ್ಕೂ ರಕ್ಷಣೆ ಸಿಕ್ಕಿತು. ಈ ಪ್ರೊಪಿಯೋನೇಟನ್ನು ಬ್ಯಾಕ್ಟೀರಿಯಾ ಮಾಡುವುದು ನಾವು ತಿನ್ನುವ ನಾರಿನಿಂದಲೇ ಅಲ್ವಾ!

ಇಲಿಗೆ ಆದದ್ದೆಲ್ಲ ನಮ್ಮ ರೋಗಿಗೂ ಆಗುತ್ತದೆ ಅನ್ನಲಾರೆ. ಆದರೆ 2017ರಲ್ಲಿ ಲಂಡನ್ನಿನಲ್ಲಿ, ಕಿಬ್ಬೊಟ್ಟೆಗೆ ರೇಡಿಯೇಷನ್ ತಗೊಳ್ಳುತ್ತಿದ್ದ 166 ಜನರ ಮೇಲೆ ನಡೆದ ಪರೀಕ್ಷೆಯೂ ನನ್ನ ಮನಸ್ಸಿನಲ್ಲಿದೆ. ಎಂದಿನಂತೆ ಉಂಡವರಿಗಿಂತ ನಾರು ಜಾಸ್ತಿ ತಿಂದವರಿಗೆ ಕರುಳಿನ ತೊಂದರೆ ಕಡಿಮೆ ಇತ್ತು, ವರ್ಷದ ನಂತರವೂ.

ಹಾಗಾಗಿ ಮೊದಲ ವಾರದಿಂದಲೇ ಊಟ ಹೊಂದಿಸುತ್ತೇನೆ. ರಾತ್ರಿ ನೆನೆಸಿದ ರಾಗಿಹಿಟ್ಟನ್ನು ಬೆಳಿಗ್ಗೆ ಗಂಟಿಲ್ಲದಂತೆ ಚೆನ್ನಾಗಿ ಬೇಯಿಸಿ, ಆರಿದ ಮೇಲೆ ಮಜ್ಜಿಗೆ, ಉಪ್ಪು ಹಾಕಿ ಅಂಬಲಿ. ಸಿಪ್ಪೆ ತೆಗೆದ ಸೋರೆಕಾಯಿ, ಹೆಸರುಬೇಳೆ ಮೆತ್ತಗೆ ಬೆಂದಿರಬೇಕು. ನಾರನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತೇನೆ. ಹೊಟ್ಟೆ ಉಬ್ಬರಿಸಿದರೆ ತಗ್ಗಿಸುತ್ತೇನೆ. ಬಿಳಿ ರಕ್ತಕಣ ಇಳಿದರೆ ಸೋಂಕಿನ ಭಯಕ್ಕೆ ಮನೆಯ ಮೊಸರು, ಮಜ್ಜಿಗೆ, ಹಸಿ ತರಕಾರಿ ಬಂದ್. ಆಗ ಅಂಬಲಿಯ ಬದಲು ಬಿಸಿ ರಾಗಿಗಂಜಿ. ಒಳ್ಳೆ ಬ್ಯಾಕ್ಟೀರಿಯಾ ಇರುವ ಪ್ರೊಬಯಾಟಿಕ್ ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ಕೊಡಿಸುವುದಿಲ್ಲ.

“ಮೇಡಂ, ಮಗ ಮೆಡಿಕಲ್ಲಿಂದ ಭೇದಿ ಮಾತ್ರೆ ತಂದ್ಕೊಟ್ಟ” ಅಂತ ಯಾರಾದರೂ ಅಂದರೆ ಆ ಸ್ಟ್ರಿಪ್ ತೋರಿಸಿ ಅನ್ನುತ್ತೇನೆ. ಎಷ್ಟೋ ಸಲ ಅದು ಆಂಟಿಬಯಾಟಿಕ್. “ಅಮ್ಮಾ, ಇದನ್ನ ಸುಮ್ನೆ ನುಂಗಬೇಡಿ, ಒಳ್ಳೆ ಬ್ಯಾಕ್ಟೀರಿಯಾನೂ ಸಾಯ್ತವೆ” ಅನ್ನುತ್ತೇನೆ. ಆದರೆ ಜ್ವರಕ್ಕೆ ಡಾಕ್ಟರೇ ಬರೆದುಕೊಟ್ಟಿದ್ದರೆ ಒಂದು ಡೋಸೂ ತಪ್ಪಿಸಬಾರದು. ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದ ನೀರೂ ನಿಲ್ಲದಿದ್ದರೆ ನನ್ನ ಹತ್ತಿರ ಬರುವುದೇ ಬೇಡ, ನೇರ ಎಮರ್ಜೆನ್ಸಿಗೆ ಹೋಗಿ ಅಂತ ಮೊದಲ ದಿನವೇ ಹೇಳಿಬಿಡುತ್ತೇನೆ.